ಲಿಲ್ಲಿಗೆ ಟಾಪಿಂಗ್ ಮಾಡಿದ್ದು

ಕಾಫಿ ಬೆಳೆದವನಿಗೆ ಹೂವಿನ ಗಿಡ ಯಾವ ಲೆಕ್ಕ? ಸುಂಟಿಕೊಪ್ಪದ ಸುತ್ತಮುತ್ತ ಗಿಡದ ಮನಸ್ಸನ್ನು ನನ್ನಷ್ಟು ಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ. ಹೀಗಾಗಿ ನನ್ನ ಹೆಂಡತಿ ಶಾರದ ಘಮಘಮಿಸುವ ಲಿಲ್ಲಿಯ ಗೆಡ್ಡೆಗಳನ್ನು ತರಿಸಿ ಅಂಗಳದಲ್ಲಿ ನೆಟ್ಟಾಗ, ಸಲಹೆ ಕೊಡುವ ಹೊಣೆ ತಾನಾಗಿ ನನ್ನ ಮೇಲೆ ಬಿತ್ತು.

ಬೇಸಿಗೆಯಲ್ಲಿ ಮಹಿಳಾ ಸಮಾಜದ ಹೂವಿನ ಪ್ರದರ್ಶನ. ಪ್ರತಿ ವರ್ಷ ಕಪ್ ಅವಳ ಅತ್ತಿಗೆಗೇ ಹೋಗುತ್ತಿತ್ತು. ಈ ಸಲ ಅದು ನಮ್ಮ ಮನೆಗೆ ಬರಲೇಬೇಕೆಂದು ಶಾರದ ಹಟ ಹಿಡಿದಿದ್ದಳು. ಗಿಡಗಳು ಮೊಣಕಾಲು ದಾಟಿದಾಗ ಅವಳು ತಂಗಿಯ ಮಗುವಿನ ನಾಮಕರಣಕ್ಕೆಂದು ಕುಶಾಲನಗರಕ್ಕೆ ಹೊರಟಳು.

"ನೀರು ಹಾಕಿ, ಸಾಕು. ಬೇರೆ ಏನೂ ಮಾಡಕ್ ಹೋಗ್ಬೇಡಿ."

ಸುಮ್ಮನೆ ಕೂರುವುದು ಬೆಳೆಗಾರನ ಜಾಯಮಾನವಲ್ಲ. ಗಿಡಗಳನ್ನು ಪರಿಶೀಲಿಸಿದೆ. ಎಲ್ಲವೂ ಒಂಟಿ ಕಡ್ಡಿಯಾಗಿ ಮೇಲಕ್ಕೇ ಓಡುತ್ತಿದ್ದವು. ಕಾಫಿ ಗಿಡ ಹೀಗೆ ಓಡಿದರೆ ನಾವು ತಲೆ ಕತ್ತರಿಸುತ್ತೇವೆ; ಅದಕ್ಕೆ ಟಾಪಿಂಗ್ ಎಂದು ಹೆಸರು. ಆಮೇಲೆ ಅಡ್ಡ ಕೊಂಬೆಗಳು ಹರಡಿ ಮೈತುಂಬ ಹೂವು. ಇಲ್ಲಂತೂ ತುದಿಯಲ್ಲಿ ಹಸಿರು ಗಂಟುಗಳು ಬೇರೆ ಕೂತಿದ್ದವು. ರೋಗವೇ ಸರಿ! ಸಾಲಾಗಿ ಟಾಪಿಂಗ್ ಮುಗಿಸಿ, ತುದಿಗಳನ್ನು ಸುಟ್ಟು, ಉಳಿದದ್ದಕ್ಕೆ ಕಾಫಿಯ ಕೊಳೆರೋಗಕ್ಕೆಂದು ಇಟ್ಟಿದ್ದ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದೆ. ಅಂಗಳವೆಲ್ಲ ನೀಲಿಯಾಯಿತು.

ಬೇಲಿಯಾಚೆಯಿಂದ ನೆರೆಯ ಪೂಣಚ್ಚ ಇಣುಕಿದ.

"ಎಂಥ ಮಾಡಿದ್ದು ಮಾರಾಯ ನೀನು? ಅದು ರೋಗ ಅಲ್ಲ, ಮೊಗ್ಗು. ಲಿಲ್ಲಿ ಹೂ ಬಿಡೋದೇ ತುದೀಲಿ."

ಧೈರ್ಯ ಮಾಡಿ ಕುಶಾಲನಗರಕ್ಕೆ ಫೋನ್ ಮಾಡಿದೆ.

"ಶಾರದ, ಗಿಡ ಎಲ್ಲಾ ಒಂದೇ ಎತ್ತರಕ್ಕೆ ಬಂದಿವೆ ಕಣೆ."

"ಹೆಂಗೆ ಬಂದ್ವು?"

"ನಾನೇ ತಂದಿದ್ದು."

ಅವಳು ಮುಂದಿನ ಬಸ್ಸಿಗೇ ಬಂದಳು. ಮೊಂಡು ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬೈದಿದ್ದರೆ ವಾಸಿಯಿತ್ತು. ಅವಳ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಪ್ರದರ್ಶನದ ದಿನ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದಳು. ವೇದಿಕೆಯ ಮೇಲೆ ಒಡೆದ ಬಕೆಟ್ಟೊಂದರಲ್ಲಿ ಬಿಳಿ ಲಿಲ್ಲಿ ಅರಳಿ ನಿಂತಿತ್ತು. ಇಡೀ ಸಭಾಂಗಣ ಘಮ್ಮೆನ್ನುತ್ತಿತ್ತು. ಕಪ್ ಶಾರದಳಿಗೇ ಬಂತು.

"ಇಷ್ಟು ಚೆನ್ನಾಗಿ ಬಂದಿದೆಯಲ್ಲ, ಏನು ಹಾಕಿದ್ರಿ?" ತೀರ್ಪುಗಾರ್ತಿ ಮೈಕ್ ಚಾಚಿದರು.

"ಏನೂ ಹಾಕ್ಲಿಲ್ಲ ಮೇಡಂ. ನಮ್ಮನೆಯವರ ಕಣ್ಣಿಗೆ ಬೀಳದ ಹಾಗೆ ಒಂದು ಗೆಡ್ಡೇನ ಮೊದಲೇ ಬಚ್ಚಲುಮನೆ ಹಿಂದೆ ಇಟ್ಟಿದ್ದೆ, ಅಷ್ಟೆ."

ಸಭೆಗೆ ಸಭೆಯೇ ನನ್ನತ್ತ ತಿರುಗಿ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತು, ಎಲ್ಲರಿಗೂ ಕೈಮುಗಿದೆ.