ಕಾಫಿ ಮುಟ್ಟದ ಪೊಲೀಸ್

ಎಲ್ಲದಕ್ಕೂ ಕಾರಣ ಒಂದು ಲೋಟ ಕಾಫಿ. ಅದೂ ಕುಡಿದದ್ದಲ್ಲ, ಬೇಡ ಅಂದದ್ದು.

ಕಾನ್ಸ್‌ಟೇಬಲ್ ಷಡಕ್ಷರಿ ಕುಂಬಾರಕೊಪ್ಪಲಿನ ಸಾಕಮ್ಮನವರ ಮನೆಗೆ ಹೋದದ್ದು ಪಾಸ್‌ಪೋರ್ಟ್ ವಿಚಾರಣೆಗೆ. ಸಾಕಮ್ಮನವರಿಗೆ ಶ್ರೀಲಂಕಾಕ್ಕೆ ಹೋಗಿ ಬೋಧಿವೃಕ್ಷ ನೋಡಿ ಬರುವ ಆಸೆ. ವಿಳಾಸ ಸರಿಯಿದೆಯೇ ನೋಡುವುದು, ಅಕ್ಕಪಕ್ಕದವರನ್ನು ಒಂದು ಮಾತು ಕೇಳುವುದು, ಹೊರಡುವುದು. ಅಷ್ಟೇ ಕೆಲಸ. ಆದರೆ ಹೊಸದಾಗಿ ಬಂದ ಇನ್ಸ್‌ಪೆಕ್ಟರ್ ಪ್ರೇಮಲೀಲಾ ಮೇಡಂ, ಡ್ಯೂಟಿಯಲ್ಲಿದ್ದಾಗ ಜನರ ಮನೆಯ ಕಾಫಿಯನ್ನೂ ಮುಟ್ಟಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು. ಷಡಕ್ಷರಿಯ ರಜೆ ಅರ್ಜಿ ಅವರ ಮೇಜಿನ ಮೇಲೇ ಇತ್ತು. ಮಾರನೆಯ ದಿನ ನಂಜನಗೂಡಿನಲ್ಲಿ ಅವನ ಹೆಂಡತಿ ರಕ್ಷಿತಾಳ ಸೀಮಂತ.

"ಸಂಜೆ ಸೈನ್ ಹಾಕ್ತೀನಿ. ಅಷ್ಟರೊಳಗೆ ನಿಮ್ಮ ಮೇಲೆ ಒಂದು ಮಾತು ಬರಕೂಡದು" ಎಂದಿದ್ದರು ಮೇಡಂ.

ಹಬ್ಬಗಳನ್ನೆಲ್ಲ ಬನ್ನಿಮಂಟಪದ ಬಂದೋಬಸ್ತಿನಲ್ಲೇ ಕಳೆಯುವ ಗಂಡನಿಗೆ ರಕ್ಷಿತಾಳೂ ಒಂದು ಮಾತು ಹೇಳಿದ್ದಳು: "ಈ ಸಲಾನೂ ಬರಲಿಲ್ಲ ಅಂದ್ರೆ ನಿಮ್ಮ ಟೋಪೀನೇ ಪಕ್ಕದಲ್ಲಿಟ್ಕೊಂಡು ಕೂತ್ಕೋತೀನಿ ಕಣ್ರೀ."

ಸಾಕಮ್ಮ ನೊರೆ ತುಂಬಿದ ಕಾಫಿ ತಂದಿಟ್ಟರು. ಷಡಕ್ಷರಿಯ ಮೂಗು ಹಸುವಿನ ಹಿಂದೆ ಓಡುವ ಕರುವಿನ ಹಾಗೆ ಆ ಘಮದ ಹಿಂದೆ ಓಡಿತು. ಅದನ್ನು ಎಳೆದು ಕಟ್ಟಿ, ಬೇಡಮ್ಮ ಎಂದ. ಸಕ್ಕರೆ ಕಾಯಿಲೆ ಇರಬೇಕೆಂದುಕೊಂಡು ಅವರು ಸಕ್ಕರೆಯಿಲ್ಲದ್ದು ತಂದರು. ಅದೂ ಬೇಡ ಎಂದ. ಉಪ್ಪಿಟ್ಟು ಬಂತು, ಮಜ್ಜಿಗೆ ಬಂತು. ಕೊನೆಗೆ ಬಂದ ನೀರನ್ನೂ, ಯಾವುದಕ್ಕೂ ಇರಲಿ ಎಂದು, ಬೇಡ ಅಂದುಬಿಟ್ಟ.

ಸಾಕಮ್ಮನವರ ಮುಖದ ಬಣ್ಣ ಬದಲಾಯಿತು. ಮೆಲ್ಲಗೆ ಹೋಗಿ ಪಕ್ಕದ ಮನೆಯ ಸದಾಶಿವಯ್ಯನವರನ್ನು ಕರೆತಂದರು. ಅವರು ನಿವೃತ್ತ ಬಸ್ ಕಂಡಕ್ಟರ್. ಷಡಕ್ಷರಿಯ ಗುರುತಿನ ಚೀಟಿಯನ್ನು ಅವಧಿ ಮುಗಿದ ಬಸ್ ಪಾಸಿನಂತೆ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಕಾಫಿ ಬೇಡ ಅಂದ್ರಾ?"

"ನೀರೂ ಬೇಡ ಅಂದ ಕಣಣ್ಣ."

"ಅಂಗಾದ್ರೆ ಅನುಮಾನವೇ ಇಲ್ಲ ಬುಡಿ, ಇವನು ಡೂಪ್ಲಿಕೇಟು."

ಷಡಕ್ಷರಿ ಯೂನಿಫಾರಂ ತೋರಿಸಿದ. ತಮ್ಮ ಮೊಮ್ಮಗ ಸ್ಕೂಲ್ ಡೇಗೆ ಬಾಡಿಗೆ ಬಟ್ಟೆಯಲ್ಲಿ ಎಸ್ಪಿಯೇ ಆಗಿದ್ದ ಎಂದರು ಸದಾಶಿವಯ್ಯ. ಸ್ಟೇಷನ್ನಿಗೆ ಫೋನ್ ಮಾಡುತ್ತೇನೆ ಎಂದರೆ, ಆ ಕಡೆ ಎತ್ತುವವರೂ ನಿನ್ನ ಗುಂಪಿನವರೇ ಅಲ್ಲವೇ ಎಂದರು. ಬೀದಿ ಕೊನೆಯ ಬೋರ್ಡಿನಲ್ಲಿ ಸ್ಟೇಷನ್ ನಂಬರ್ ಬರೆದಿದೆ, ತಾವೇ ನೋಡಿ ವಿಚಾರಿಸುವುದಾಗಿ ಹೇಳಿ ಹೊರಟರು. ಸಾಕಮ್ಮ ಅಗುಳಿ ಹಾಕಿದರು. ಕಿಟಕಿಯಲ್ಲಿ ಎದುರು ಮನೆಯ ಬಸಮ್ಮನ ಮುಖ ಮೂಡಿತು.

"ಅಯ್ಯೋ, ನೋಡಕ್ಕೆ ಒಳ್ಳೆ ಮನೆತನದವನ ಥರ ಇದಾನಲ್ಲೇ" ಎಂದು ಆಕೆ ಮರುಗಿದಳು.

ಷಡಕ್ಷರಿ ಬೆವತ. ಈ ಗಲಾಟೆ ಮೇಡಂ ಕಿವಿಗೆ ಬಿದ್ದರೆ ರಜೆ ಹೋದಂತೆಯೇ. ಒಂದು ಲೋಟ ಕುಡಿದು ಇವರನ್ನು ನಂಬಿಸಿ, ಸದಾಶಿವಯ್ಯ ಫೋನ್ ಮಾಡುವ ಮೊದಲೇ ತಡೆದುಬಿಟ್ಟರೆ ಯಾರಿಗೆ ತಿಳಿಯುತ್ತದೆ?

"ಅಮ್ಮಾ, ಆ ಕಾಫಿ ಕೊಡಿ."

ಗಟಗಟ ಕುಡಿದ. ಸಾಕಮ್ಮ ಇನ್ನೊಂದು ಲೋಟ ಬಗ್ಗಿಸಿದರು. ಅದನ್ನೂ ಕುಡಿದ. ನಂಬಿಕೆ ಗಟ್ಟಿಯಾಗಲೆಂದು ಉಪ್ಪಿಟ್ಟಿನ ತಟ್ಟೆಯನ್ನೂ ಖಾಲಿ ಮಾಡಿದ. ಸಾಕಮ್ಮನವರ ಮುಖ ಅರಳಿತು.

"ಈಗ ನೋಡಪ್ಪ, ಪೊಲೀಸ್ ಥರ ಕಾಣ್ತಿದೀಯ" ಎನ್ನುತ್ತ ಅವರು ಅಗುಳಿ ತೆಗೆದರೆ, ಹೊಸ್ತಿಲಲ್ಲೇ ಸದಾಶಿವಯ್ಯ ನಿಂತಿದ್ದರು. ಕೈಯಲ್ಲಿ ಮೊಬೈಲು, ಸ್ಪೀಕರ್ ಆನ್. ಅದರೊಳಗಿಂದ ಪ್ರೇಮಲೀಲಾ ಮೇಡಂ ಧ್ವನಿ.

"ನಮ್ಮ ಷಡಕ್ಷರಿ ಆ ಕಡೆ ಬಂದಿರೋದು ನಿಜ, ಯಜಮಾನ್ರೇ. ಆದ್ರೆ ಅವರ ಹೆಸರು ಹೇಳ್ಕೊಂಡು ಬೇರೆಯವರು ಬಂದಿರಬಹುದು. ಒಂದು ಪರೀಕ್ಷೆ ಹೇಳ್ತೀನಿ. ಒಂದು ಲೋಟ ಕಾಫಿ ಕೊಟ್ಟು ನೋಡಿ. ನಮ್ಮವರಾದ್ರೆ ಸುತರಾಂ ಮುಟ್ಟಲ್ಲ. ಕುಡಿದ್ರೆ ನಕಲಿ ಅಂತ ತಿಳ್ಕೊಳ್ಳಿ."

ಎಲ್ಲರ ಕಣ್ಣು ಖಾಲಿ ಲೋಟಗಳ ಮೇಲೆ ಬಿತ್ತು. ಅಲ್ಲಿಂದ ಷಡಕ್ಷರಿಯ ಮೀಸೆಗೆ ಹೋಯಿತು. ಮೀಸೆಯ ಮೇಲೆ ನೊರೆ ಇನ್ನೂ ಆರಿರಲಿಲ್ಲ.

"ಎರಡು ಲೋಟ ಕುಡಿದ್ನಲ್ಲ ತಾಯಿ" ಎಂದರು ಸಾಕಮ್ಮ ಸಣ್ಣ ದನಿಯಲ್ಲಿ. "ಉಪ್ಪಿಟ್ಟೂ ತಿಂದ."

ಮೇಡಂ ಧ್ವನಿ ಗಡುಸಾಯಿತು. "ಅವನ ಕೈಗೆ ಫೋನ್ ಕೊಡಿ. ಹೇಳಪ್ಪ, ಯಾರು ನೀನು?"

ಹೌದು, ನಾನೇ ಷಡಕ್ಷರಿ ಎಂದರೆ ರಜೆ ಹೋಗುತ್ತದೆ. ಅಲ್ಲ ಎಂದರೆ ಲಾಕಪ್ಪು. ಅವನ ಕಣ್ಣ ಮುಂದೆ ರಕ್ಷಿತಾ ಹಸಿರು ಸೀರೆಯುಟ್ಟು ಹಸೆಮಣೆಯ ಮೇಲೆ ಕೂತಳು. ಅವನು ಮೂಗು ಹಿಡಿದುಕೊಂಡು, ದನಿ ಬದಲಿಸಿ ಹೇಳಿದ:

"ನಕಲಿ, ಮೇಡಂ."

"ಒಳ್ಳೇದು. ಯಜಮಾನ್ರೇ, ಬಾಗಿಲು ಹಾಕ್ಕೊಂಡಿರಿ, ನಾನೇ ಬರ್ತಿದೀನಿ."

ಅಗುಳಿ ಮತ್ತೆ ಬಿತ್ತು. ಸಾಕಮ್ಮನವರಿಗೆ ಯಾಕೋ ಪಾಪ ಅನ್ನಿಸಿತು.

"ಹೆಂಗೂ ಅವರು ಬರೋತನಕ ಕಾಯ್ಬೇಕು. ಇನ್ನೊಂದು ಲೋಟ ತರ್ಲೇನಪ್ಪ?"

"ಸಕ್ಕರೆ ಸ್ವಲ್ಪ ಜಾಸ್ತಿ ಇರ್ಲಿ ಕಣಮ್ಮ" ಎಂದ ಷಡಕ್ಷರಿ, ಟೋಪಿ ತೆಗೆದು ಜೋಪಾನವಾಗಿ ಪಕ್ಕದ ಕುರ್ಚಿಯ ಮೇಲಿಟ್ಟ. ನಾಳೆ ಅದನ್ನಾದರೂ ನಂಜನಗೂಡಿಗೆ ಕಳಿಸಬೇಕಿತ್ತು.