ಹೀರಾ ಕಮಾನಿನ ಮುಂದೆ ನಿಂತದ್ದು

ಹೀರಾ ಹೊಸ ಲಾಯದೊಳಗೆ ಕಾಲಿಡದೆ ಹೊರಗೇ ನಿಂತದ್ದು ಕಮಾನಿನ ದೆಸೆಯಿಂದ. ಅಷ್ಟೇ ವಿಷಯ. ದೃಷ್ಟಿ ತಗುಲಿರಲಿಲ್ಲ, ಬಣ್ಣದ ವಾಸನೆ ಬಡಿದಿರಲಿಲ್ಲ, ಬಾಗಿಲು ತಪ್ಪು ದಿಕ್ಕಿಗೂ ಇರಲಿಲ್ಲ. ಭಾಲ್ಕಿಯಲ್ಲಿ ಇದನ್ನು ಈಗ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗುತ್ತಿದ್ದಾರೆ. ಚಹಾದ ಅಂಗಡಿಯಲ್ಲಿ ಕೂತವರಿಗೆಲ್ಲ ನಮ್ಮ ಕುದುರೆಯ ಮನಸ್ಸಿನೊಳಗೆ ಏನಿದೆ ಅಂತ ಗೊತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯಲು ಅಷ್ಟು ಓದು ಸಾಕು. ಹೆಚ್ಚು ಓದಿದವರು ಕಾಣದ್ದನ್ನೂ ಬರೆಯುತ್ತಾರೆ, ಆ ತ್ರಾಸು ನನಗಿಲ್ಲ.

ನಮ್ಮದು ಲಗ್ನದ ಕುದುರೆ ಸಾಕುವ ಮನೆ. ಮದುಮಗನನ್ನು ಹೊತ್ತು ಬ್ಯಾಂಡಿನ ಹಿಂದೆ ನಡೆಯುವ ಕುದುರೆ. ಇರುವುದು ಎರಡು, ಎರಡೂ ಹೆಣ್ಣು. ಬಿಳಿಯವಳು ಹೀರಾ, ಕಂದು ಬಣ್ಣದವಳು ಮೋತಿ. ಮೋತಿಗೆ ಸ್ವಂತ ಬುದ್ಧಿ ಅಂತ ಒಂದಿಲ್ಲ. ಹೀರಾ ತಿಂದರೆ ತಿನ್ನುತ್ತಾಳೆ, ಹೀರಾ ನಿಂತರೆ ನಿಲ್ಲುತ್ತಾಳೆ. ನಮ್ಮ ಮನೆಯಲ್ಲಿ ಅಂಥ ಇನ್ನೊಬ್ಬರೆಂದರೆ ನಮ್ಮ ಯಜಮಾನರು, ಅವರ ಮಾತು ಆಮೇಲೆ ಬರುತ್ತದೆ. ನಮ್ಮ ಮಾವನವರು ಭಾಲ್ಕಿ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಆಟೋ ಬಂದ ಮೇಲೆ ಟಾಂಗಾ ಹೋಯಿತು, ಕುದುರೆ ಉಳಿಯಿತು. ಸ್ಟೇಷನ್ನಿನಿಂದ ಜನರನ್ನು ಮನೆಗೆ ಮುಟ್ಟಿಸುತ್ತಿದ್ದವರು ಈಗ ಮದುಮಕ್ಕಳನ್ನು ಮಂಟಪಕ್ಕೆ ಮುಟ್ಟಿಸುತ್ತೇವೆ. ಬೀದರಿನಿಂದ ಔರಾದದವರೆಗೆ ಯಾರ ಮನೆಯಲ್ಲಿ ಲಗ್ನ ನಿಶ್ಚಯವಾದರೂ ಮೊದಲು ಹೀರಾಳ ತಾರೀಖು ಕೇಳುತ್ತಾರೆ, ಆಮೇಲೆ ಅಡಿಗೆಯವರನ್ನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳಿದರೂ ಸುಳ್ಳಾಗುವುದಿಲ್ಲ.

ಮಾವನವರ ಕಾಲದಿಂದ ನಮ್ಮ ಕುದುರೆಗಳು ರಾತ್ರಿ ಅಂಗಳದ ಬೇವಿನ ಗಿಡದ ಕೆಳಗೇ ಇರುತ್ತಿದ್ದವು. ಕುದುರೆಯನ್ನು ಕೋಣೆಯಲ್ಲಿ ಕೂಡಿಟ್ಟರೆ ಉಚ್ಚೆಯ ಘಾಟಿಗೆ ಕಣ್ಣು ಉರಿದು ಕೆಮ್ಮು ಹಿಡಿಯುತ್ತದೆ ಅನ್ನುತ್ತಿದ್ದರು ಅವರು. ಅವರು ಹೋದ ಮೇಲೆ ನಾನು ಅನ್ನುತ್ತಾ ಬಂದೆ. ನನ್ನ ಮಗ ಶಿವರಾಜನಿಗೆ ಅದು ಸೇರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಮಾತು ತೆಗೆದ.

"ಅವ್ವಾ, ಇನ್ಮ್ಯಾಲ ಕುದುರಿ ರಾತ್ರಿ ಒಳಗ ಇರ್ಬೇಕು. ಪಕ್ಕಾ ಲಾಯ ಕಟ್ಟಸ್ತೇನಿ."

"ಕುದುರಿ ಏನ್ ಕೋಳಿ ಏನೋ, ಸಂಜಿ ಆದ ಕೂಡ್ಲೆ ಬುಟ್ಟಿ ಮುಚ್ಚಲಿಕ್ಕ?"

"ಮಳಿ ಬರ್ತದ, ಆಣಿಕಲ್ಲು ಬೀಳ್ತಾವ."

"ನಿಮ್ಮ ಅಜ್ಜನ ಕಾಲಕ್ಕ ಮ್ಯಾಲಿಂದ ಹೂವು ಬೀಳ್ತಿದ್ವೇನು?"

ಸೊಸೆ ಸವಿತಾ ರೊಟ್ಟಿ ಬಡಿಯುತ್ತಾ ನಕ್ಕಳು. ಯಾರ ಕಡೆಯಿಂದ ನಕ್ಕಳು ಅಂತ ತಿಳಿಯದ ಹಾಗೆ ನಗುವುದರಲ್ಲಿ ಅವಳು ಹುಷಾರು. ಯಜಮಾನರನ್ನು ಕೇಳಿದರೆ, "ಅವಾ ಅನ್ನೋದೂ ಖರೇ ಅದ, ನೀ ಅನ್ನೋದೂ ಖರೇ ಅದ, ಇನ್ನೊಂದ್ ಸ್ವಲ್ಪ ಪಲ್ಯ ಹಾಕು" ಅಂದರು.

ಲಾಯ ಎದ್ದಿತು. ಎತ್ತರದ ಗೋಡೆ, ಗಾಳಿಗೆ ಕಿಟಕಿ, ನೀರು ಹರಿದು ಹೋಗಲು ಇಳಿಜಾರು ನೆಲ. ಮಾಡಿದ್ದೆಲ್ಲ ಚೆನ್ನಾಗಿಯೇ ಮಾಡಿದ್ದ, ಸುಳ್ಳು ಯಾಕೆ ಹೇಳಲಿ. ಲಗ್ನದವರು ಕುದುರೆ ನೋಡಲು ಬಂದಾಗ ಫೋಟೋಕ್ಕೆ ಚೆಂದ ಕಾಣಲಿ ಅಂತ ಬಾಗಿಲಿಗೆ ಫಂಕ್ಷನ್ ಹಾಲಿನಂಥ ದೊಡ್ಡ ಕಮಾನು ಕಟ್ಟಿಸಿದ. ಅದರ ತುಂಬ ಬಣ್ಣದ ಬಲ್ಬಿನ ಸರ, ಪ್ಲಾಸ್ಟಿಕ್ಕಿನ ಚೆಂಡುಹೂವು. ನಾನು ಮೂಗು ಮುರಿಯಬೇಕು ಅಂತಲೇ ಹೋದೆ. ಕಮಾನಿನ ಮೇಲೆ ಕೆಂಪು ಅಕ್ಷರ. ಒಂದೊಂದೇ ಕೂಡಿಸಿ ಓದಿದೆ: ನೀಲಮ್ಮ ಅಶ್ವಶಾಲೆ.

"ನೀಲಮ್ಮ ನಾನಾದೆ. ಅಶ್ವ ಅಂದ್ರ ಯಾರು?"

"ಕುದುರಿ ಅವ್ವಾ."

"ಹಂಗಂತ ಬರೀಲಿಕ್ಕ ಏನಾಗಿತ್ತು ನಿನಗ? ಕುದುರಿನೂ ಓದ್ತಿತ್ತು."

ಅಂದೆ, ಆದರೆ ಬಾಯಲ್ಲಿದ್ದ ಬೈಗುಳ ಅರ್ಧ ಒಳಗೇ ಉಳಿಯಿತು. ರೇಷನ್ ಕಾರ್ಡು ಬಿಟ್ಟರೆ ನನ್ನ ಹೆಸರು ಇನ್ನೆಲ್ಲೂ ಬರೆದದ್ದು ನಾನು ನೋಡಿರಲಿಲ್ಲ.

ಲಾಯದ ಪೂಜೆಯಾಯಿತು, ಕಾಯಿ ಒಡೆದದ್ದಾಯಿತು. ಶಿವರಾಜ ಹೀರಾಳ ಹಗ್ಗ ಹಿಡಿದು ಠೀವಿಯಿಂದ ಹೊರಟ. ಕಮಾನಿನ ಮುಂದೆ ಬಂದವಳು ನಿಂತಳು. ಎಳೆದ, ನಿಂತಳು. ಕಡಲೆ ತೋರಿಸಿದ, ಕತ್ತು ಉದ್ದ ಮಾಡಿ ಕಡಲೆ ತಿಂದು ನಿಂತಳು. ಹಿಂದೆ ಮೋತಿಯೂ ನಿಂತಳು. ಬಣ್ಣದ ವಾಸನೆ ಇರಬೇಕು ಅಂತ ಶಿವರಾಜ ಬಾಗಿಲು ತೆರೆದಿಟ್ಟ. ದೃಷ್ಟಿಯೇ ಆಗಿದೆ ಅಂತ ಸವಿತಾ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಮೋತಿ ಅದನ್ನು ಮೂಸಿ ಎಲ್ಲರ ಮೇಲೆ ಸೀನಿದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ನನಗಂತೂ ಹಬ್ಬ. "ನೋಡ್ರಿ, ನಾ ಬೆಳೆಸಿದ ಕುದುರಿ. ಹೊರಗಿನ ಗಾಳಿ ಅಂದ್ರ ಏನಂತ ಆಕಿಗೆ ಗೊತ್ತದ" ಅಂತ ಬಂದವರಿಗೆಲ್ಲ ಹೇಳಿದೆ. ಪಕ್ಕದ ಮನೆಯ ಚಾಂದಬಿಗೆ ಎರಡು ಸಲ ಹೇಳಿದೆ.

ಹೀರಾಳನ್ನು ನಾನು ಬೆಳೆಸಿದೆ ಅನ್ನುವುದು ಬರೀ ಮಾತಲ್ಲ. ಔರಾದದ ಕಡೆಯ ಒಬ್ಬ ರೈತನಿಂದ ತಂದಾಗ ಅವಳು ಪಾತ್ರೆ ಸದ್ದಿಗೂ ಬೆಚ್ಚುವ ಮರಿ. ಯಜಮಾನರು ಬ್ಯಾಂಡಿನವರನ್ನು ಕರೆಸೋಣ ಅಂದರು. ಬ್ಯಾಂಡು ಯಾಕೆ, ನಾನೇ ಎಣ್ಣೆ ಡಬ್ಬಿ ಬಡಿದು ಕಲಿಸಿದೆ. ಅಂಗಳದಲ್ಲಿ ಎರಡು ಬಿದಿರು ನೆಟ್ಟು, ಮೇಲೆ ನನ್ನ ಹಳೇ ಸೀರೆ ಕಟ್ಟಿ, ಬಲ್ಬಿನ ಸರ ಇಳಿಬಿಟ್ಟು ಕಮಾನು ಮಾಡಿದೆ. ಯಜಮಾನರನ್ನು ಮದುಮಗನ ಹಾಗೆ ಕೂರಿಸಿ ಅಲ್ಲಿವರೆಗೆ ತರುವುದು, ನಿಲ್ಲಿಸುವುದು, ನಾನು ತಾಟು ಹಿಡಿದು ಆರತಿ ಮಾಡುವುದು, ಅವರು ಇಳಿಯುವುದು, ಅವಳು ಕಮಾನಿಗೆ ಬೆನ್ನು ತಿರುಗಿಸಿದರೆ ಒಂದು ಚೂರು ಬೆಲ್ಲ. ಮಂಟಪದ ಬಾಗಿಲಲ್ಲಿ ಲಗಾಮು ಎಳೆಯದೆ ತಾನಾಗಿ ನಿಂತು, ಮದುಮಗ ಇಳಿದ ಮೇಲೆ ತಾನಾಗಿ ತಿರುಗುವ ಕುದುರೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿದ್ದರೆ ತಂದು ತೋರಿಸಲಿ. ಬೀದರಿನ ಒಂದು ಲಗ್ನದಲ್ಲಿ ಬೇರೆಯವರ ಕುದುರೆ ಪಟಾಕಿಗೆ ಹೆದರಿ ಮದುಮಗನ ಸಮೇತ ಅಡಿಗೆಯವರ ನಡುವೆ ನುಗ್ಗಿತಂತೆ. ಮದುಮಗ ಸಾರಿನ ವಾಸನೆಯಲ್ಲೇ ತಾಳಿ ಕಟ್ಟಿದ. ನಮ್ಮ ಹೀರಾ ಇದ್ದಲ್ಲಿ ಅಂಥದು ಆಗುವುದಿಲ್ಲ.

ಇಷ್ಟೆಲ್ಲ ನಾನೇ ಕಲಿಸಿಯೂ ಲಾಯದ ಮುಂದೆ ಅವಳು ಯಾಕೆ ನಿಂತಳು ಅಂತ ನನಗೆ ಹೊಳೆಯಲಿಲ್ಲ. ಗೆದ್ದ ಖುಷಿಯಲ್ಲಿ ಇದ್ದವರಿಗೆ ಏನೂ ಹೊಳೆಯುವುದಿಲ್ಲ.

ಹೀರಾ ಔರಾದದ ಒಂದು ಲಗ್ನಕ್ಕೆ ಹೋಗಬೇಕಿತ್ತು, ಅದರ ಹಿಂದಿನ ಸಂಜೆ. ಇಡೀ ದಿನ ಕಾದ ಬಿಸಿಲು ಒಮ್ಮೆಲೇ ಆರಿ, ಮೋಡ ಬದನೆಕಾಯಿ ಬಣ್ಣಕ್ಕೆ ತಿರುಗಿತು. ತಗಡಿನ ಮೇಲೆ ಟಣ್ ಅಂತ ಒಂದು ಬಿತ್ತು. ಹೊರಗೆ ಬಂದು ನೋಡಿದರೆ ಅಡಿಕೆಯಷ್ಟು ದಪ್ಪದ ಆಣಿಕಲ್ಲು. ಹೋದ ವರ್ಷದ ಆಣಿಕಲ್ಲಿಗೆ ಬಗದಲ್ ಕಡೆಯ ನಮ್ಮ ಬೀಗರ ಎಮ್ಮೆಯ ಕಣ್ಣು ಹೋಗಿತ್ತು. ಬೇವಿನ ಗಿಡ ಎಲೆ ಉದುರಿಸಿ ಬೋಳಾಗಿತ್ತು, ಅದರ ಕೆಳಗೆ ಹೀರಾ. ಕಣ್ಣಿಗೆ ಬಡಿದರೆ? ಬೆನ್ನು ಒಡೆದರೆ ಜೀನು ಹಾಕುವುದು ಎಲ್ಲಿ? ಹೊರಗೆ ಇರಲಿ ಅಂತ ಊರಿಗೆಲ್ಲ ಸಾರಿದವಳು ನಾನು. ಈಗ ಅವಳ ಕಣ್ಣು ಹೋದರೆ ಅದು ನನ್ನ ಬಾಯಿಂದ ಹೋದ ಹಾಗೆ.

"ಶಿವ್ಯಾ! ಒಳಗ ತಗೋ ಕುದುರಿನ!" ಅಂತ ಕೂಗಿದೆ.

"ಈಗ ಅಂತೀ ಏನವ್ವಾ?"

"ಹೌದು, ಈಗ ಅಂತೇನಿ. ಆಮ್ಯಾಲ ನಗುವಂತಿ, ಮೊದಲು ಹಗ್ಗ ಹಿಡಿ."

ಬಲ್ಬು ಹತ್ತಿಕೊಂಡೇ ಇದ್ದವು. ಹೀರಾ ಕಮಾನಿನ ತನಕ ಸರಸರ ಬಂದು ನಿಂತಳು. ಶಿವರಾಜ ಮುಂದಿನಿಂದ ಎಳೆದ, ನಾನೂ ಸವಿತಾನೂ ಹಿಂದಿನಿಂದ ದೂಡಿದೆವು. ಕಣ್ಣಿಗೆ ಬಟ್ಟೆ ಕಟ್ಟಿದರೆ ಗೂಟ ಹೊಡೆದ ಹಾಗೆ ನಿಂತಳು. ಯಜಮಾನರು ಒಂದು ಕಂಬಳಿ ತಂದು ಕುದುರೆಗೆ ಹೊದಿಸುವ ಬದಲು ತಾವೇ ಹೊದ್ದುಕೊಂಡು ನಿಂತರು. ಒಂದೊಂದಾಗಿ ಬೀಳುತ್ತಿದ್ದ ಕಲ್ಲು ನಾಲ್ಕು ನಾಲ್ಕಾಗಿ ಬೀಳತೊಡಗಿದವು. ಚಾಂದಬಿ ತನ್ನ ಬಾಗಿಲಲ್ಲಿ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು.

"ಅರೆ ಅಕ್ಕಾ, ಘೋಡಿ ಬಂದದ, ಕಮಾನ್ ಬಂದದ, ದುಲ್ಹಾ ಎಲ್ಲಿ? ದುಲ್ಹಾ ಇಳೀಲಾರ್ದ ಆಕಿ ಹ್ಯಾಂಗ ಹೋಗ್ತಾಳ?"

ಅವಳು ಅಂದದ್ದು ನಗೆಚಾಟಿಕೆಗೆ. ಕಮಾನು ಕಂಡಲ್ಲಿ ಮದುಮಗ ಇಳಿಯುವ ತನಕ ಹೀರಾ ಕದಲುವುದಿಲ್ಲ, ಅದನ್ನು ಅರ್ಥ ಮಾಡಿಕೊಂಡವಳು ನಾನು. ಹಾಗಾಗಿ ಬುದ್ಧಿ ನನ್ನದೇ ಅಂತ ಎಲ್ಲ ಕಡೆ ಹೇಳಿದ್ದೇನೆ.

"ಹತ್ರಿ ಮ್ಯಾಲ!" ಅಂದೆ ಯಜಮಾನರಿಗೆ.

"ಯಾರು, ನಾನಾ? ಮೊಣಕಾಲು..."

"ಮೊಣಕಾಲು ನಾಳಿ ನೋಡೋಣು. ಹತ್ರಿ!"

ಶಿವರಾಜ ಎತ್ತಿ ಕೂರಿಸಿದ. ಕಂಬಳಿ ಹೊದ್ದ ಮದುಮಗ. ಕುದುರೆಯನ್ನು ನಾಲ್ಕು ಹೆಜ್ಜೆ ಹಿಂದೆ ಒಯ್ದು ಮತ್ತೆ ಕಮಾನಿಗೆ ತಂದೆವು. ನಿಂತಳು. ಸವಿತಾ ತಗಡಿನ ಮೊರವನ್ನೇ ತಾಟು ಮಾಡಿ ಆರತಿ ಎತ್ತಿದಳು, ಬಿದ್ದ ಆಣಿಕಲ್ಲು ಅದರಲ್ಲಿ ಖಣಖಣ ಅಂದವು. "ಇಳೀರಿ!" ಅಂದೆ. ಇಳಿದರು, ಅಂದರೆ ಜಾರಿದರು. ಹೀರಾ ಅರೆಗಳಿಗೆಯೂ ಕಾಯದೆ ಕಮಾನಿಗೆ ಬೆನ್ನು ಹಾಕಿ ತಿರುಗಿದಳು. ಈಗ ಅವಳ ಬಾಲ ಲಾಯದ ಕಡೆ. ಮೆರವಣಿಗೆಯಲ್ಲಿ ಜನ ಕುಣಿಯುತ್ತಾ ಮೈಮೇಲೆ ಬಂದರೆ ಹಿಂದಕ್ಕೆ ಸರಿಯುವುದನ್ನೂ ನಾನೇ ಕಲಿಸಿದ್ದೆ. ಎದೆಗೆ ಕೈ ಹಚ್ಚಿ "ಹಿಂದ, ಹಿಂದ" ಅಂದೆ. ರಾಣಿಯ ಹಾಗೆ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ ಒಳಗೆ ಹೋದಳು. ಮೋತಿ ಏನೂ ವಿಚಾರಿಸದೆ ಮುಂದೆ ಮುಖ ಮಾಡಿಕೊಂಡೇ ಒಳಗೆ ನುಗ್ಗಿದಳು. ಬಾಗಿಲು ಹಾಕಿದೆವೋ ಇಲ್ಲವೋ, ಆಕಾಶವೇ ಹರಿದು ಬಿದ್ದ ಹಾಗೆ ಸುರಿಯಿತು.

ಒಳಗೆ ನಿಂತು ನಾನು ಅವಳ ಮೈಯೆಲ್ಲ ಸವರಿ ನೋಡಿದೆ. ಒಂದು ಗೀರಿಲ್ಲ. ಊರಲ್ಲಿ ಮಕ್ಕಳು ಹೇಳಿದ್ದನ್ನು ನಾವು ಎದುರಿಗೆ ಇದ್ದಾಗಲೂ ಮಾಡುವುದಿಲ್ಲ. ಇವಳು ಕಲ್ಲು ಬೀಳುವಾಗಲೂ ಕಲಿಸಿದ್ದನ್ನು ಬಿಡಲಿಲ್ಲ. ಅದನ್ನೇ ಜೋರಾಗಿ ಹೇಳಿದೆ. ಯಜಮಾನರು ಮೊಣಕಾಲು ತಿಕ್ಕಿಕೊಳ್ಳುತ್ತಾ ಅಂದರು:

"ಔರಾದದಾಗ ಒಂದ್ ಸೀರಿ ಅಂಗಡಿ ಕಮಾನಿನ ಮುಂದನೂ ಹಿಂಗೇ ನಿಂತಿದ್ಳು. ಮದುಮಗನ್ನ ಅಲ್ಲೇ ಇಳಿಸಬೇಕಾತು."

"ಮತ್ತ ಇಷ್ಟು ದಿವಸ ಯಾಕ ಹೇಳ್ಲಿಲ್ರಿ?"

"ನೀ ಎಲ್ಲಿ ಮಾತಾಡ್ಲಿಕ್ಕ ಬಿಟ್ಟಿ?"

ಎಲ್ಲದಕ್ಕೂ ಉತ್ತರ ಕೊಡುತ್ತಾ ಕೂತರೆ ಮನೆ ಕೆಲಸ ಯಾರು ಮಾಡಬೇಕು? ಇನ್ನು ಮೋಡ ಕಂಡ ರಾತ್ರಿ ಒಳಗೆ, ಉಳಿದ ರಾತ್ರಿ ಹೊರಗೆ ಅಂತ ಅಲ್ಲೇ ತೀರ್ಮಾನ ಕೊಟ್ಟೆ. ಶಿವರಾಜ ಒಪ್ಪಿದ. "ಹಂಗಾದ್ರ ಈ ಕಮಾನು ಒಡಸ್ತೇನಿ ಅವ್ವಾ. ದಿನಾ ಅಪ್ಪಗ ಮದುಮಗನ ಮಾಡ್ಲಿಕ್ಕ ಆಗಂಗಿಲ್ಲ" ಅಂದ. ಮಾತು ನ್ಯಾಯವಾಗಿಯೇ ಇತ್ತು.

ಬೆಳಿಗ್ಗೆ ಹೀರಾ ತಕರಾರಿಲ್ಲದೆ ಹೊರಗೆ ಬಂದಳು. ಮಂಟಪದ ಒಳಗಿನಿಂದ ಹೊರಗೆ ಬರುವಾಗ ನಿಲ್ಲಬೇಕು ಅಂತ ಅವಳಿಗೆ ಯಾರೂ ಕಲಿಸಿಲ್ಲ. ಯಜಮಾನರ ಜೊತೆ ಅವಳನ್ನು ಔರಾದದ ಟೆಂಪೊ ಹತ್ತಿಸಿ, ಕಮಾನು ಒಡೆಸಲು ಮಗ ಎದ್ದು ಹೋಗುವ ಮೊದಲೇ ನಾನು ಮಿಸ್ತ್ರಿಯ ಮನೆಗೆ ಹೋಗಿ ಅವನನ್ನು ಹಾರೆಯ ಸಮೇತ ಕರೆತಂದೆ. ಕುದುರೆ ಒಳಗೆ ಹೋಗದ ಸುದ್ದಿ ಕೇಳಿದ್ದ ಅವನು ಕಮಾನಿಗೆ ಹಾರೆ ಎತ್ತಿದ.

"ಅದನ್ನ ಮುಟ್ಟಿದ್ರ ನೋಡು!" ಅಂದೆ. "ಹಿಂದಿನ ಗ್ವಾಡಿ ಒಡಿ. ಅಲ್ಲೊಂದು ಸಾದಾ ಬಾಗಲಾ ಇಡು, ಕುದುರಿ ಅಲ್ಲಿಂದ ಹೋಗ್ತಾವ."

"ಗಟ್ಟಿ ಗ್ವಾಡಿ ಅದ ಅಮ್ಮಾ. ಕಮಾನು ಒಡೆಯೋದು ಹಗುರ ಇತ್ತು."

"ಸಿಮೆಂಟ್ ದಂಡ ಆಗ್ತದ" ಅಂದೆ.

ಮಿಸ್ತ್ರಿ ಕಮಾನಿನ ಮೇಲಿನ ಕೆಂಪು ಅಕ್ಷರ ನೋಡಿದ, ನನ್ನನ್ನು ನೋಡಿದ, ಹಿಂದಕ್ಕೆ ಹೋಗಿ ಗೋಡೆಗೆ ಹಾರೆ ಹಾಕಿದ. ನಾನು ಒಳಗಿನ ಲದ್ದಿಯನ್ನೆಲ್ಲ ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು, ಮುಂದಿನ ಕಮಾನಿನಿಂದಲೇ ಹೊರಗೆ ಬಂದೆ.