ಹಳದಿ ಶಾಯಿಯ ಖಟ್ಲೆ

ಅಮೆರಿಕದ ಕೋರ್ಟಿನಲ್ಲಿ ಉಪ್ಪಿನಕಾಯಿಯನ್ನು ಸಾಕ್ಷಿಗೆ ಎಳೆದ ಮೊದಲ ಮನುಷ್ಯ ನಮ್ಮ ಕಾಕಾ. ಅಲ್ಲ ಎನ್ನುವವರು ಆಧಾರ ತನ್ನಿ, ವಾದಕ್ಕೆ ನಾನು ಸಿದ್ಧ!

ಕಾಕಾ ಎಂದರೆ ಅಪ್ಪನ ತಮ್ಮ. ಹುಬ್ಬಳ್ಳಿ ಬಿಟ್ಟು ಬರ್ಕ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಅವರ ಮಾತು ಇನ್ನೂ ಹುಬ್ಬಳ್ಳಿಯಲ್ಲೇ ಇದೆ. ಉದ್ಯೋಗ, ಸೇತುವೆಗಳ ಇಂಜಿನಿಯರು. ಹವ್ಯಾಸ, ಮನೆಯ ಪ್ರಿಂಟರಿನೊಡನೆ ಜಗಳ. ಕಪ್ಪು ಅಕ್ಷರದ ಒಂದೇ ಪುಟ ಕೇಳಿದರೂ ಅದು 'ಹಳದಿ ಶಾಯಿ ಮುಗಿದಿದೆ' ಎಂದು ಮುಷ್ಕರ ಹೂಡುತ್ತಿತ್ತು.

"ಉಪ್ಪಿನಕಾಯಿ ತೀರೇದ, ಅದಕ್ಕ ಅನ್ನ-ಸಾರು ಬಡಸೂದಿಲ್ಲ ಅಂದ್ರ ಅದು ಖಾನಾವಳಿ ಏನು?" ಎಂದು ಕಾಕಾ ಅದರ ಮುಚ್ಚಳ ಬಡಿಯುತ್ತಿದ್ದರು.

ಬೇರೆ ಕಂಪನಿಯ ಅಗ್ಗದ ಕಾರ್ಟ್ರಿಜ್ ಹಾಕಿದರೋ, ವಾರವಿಡೀ ಅದರ ಶಾಯಿ ಕುಡಿದು, ಎಂಟನೆಯ ದಿನ 'ಇದರ ಗುರುತು ಸಿಗುತ್ತಿಲ್ಲ' ಎನ್ನುತ್ತಿತ್ತು. ನಿನ್ನೆಯವರೆಗೆ ಉಂಡ ಮನೆಯನ್ನು ಇವತ್ತು ಗುರುತಿಸದ ಅಳಿಯನನ್ನು ಎಲ್ಲಾದರೂ ಕಂಡಿದ್ದೀರಾ?

ಹೀಗಿರುವಾಗ ಅಂಚೆಯಲ್ಲಿ ಒಂದು ನೋಟೀಸು ಬಂತು. ಬೇರೆಯವರ ಕಾರ್ಟ್ರಿಜ್‌ಗಳನ್ನು ಕಂಪನಿಯೇ ಗುಟ್ಟಾಗಿ ತಡೆಯುತ್ತಿತ್ತೆಂದು, ಆ ಪ್ರಿಂಟರು ಕೊಂಡವರೆಲ್ಲರ ಪರವಾಗಿ ಯಾರೋ ಖಟ್ಲೆ ಹಾಕಿದ್ದರಂತೆ. ಈಗ ರಾಜಿಯಾಗಿದೆ. ಫಾರಂ ತುಂಬಿದವರಿಗೆ ಮುಂದಿನ ಖರೀದಿಗೊಂದು ಕೂಪನ್. ಕೆಳಗೆ ಸಣ್ಣ ಅಕ್ಷರದಲ್ಲಿ: ಕಂಪನಿಯು ಯಾವುದೇ ತಪ್ಪನ್ನು ಒಪ್ಪಿಕೊಂಡಿಲ್ಲ.

ಊರೆಲ್ಲ ಕೂಪನ್ ಓದಿತು. ಕಾಕಾ ಸಣ್ಣ ಅಕ್ಷರ ಓದಿದರು!

"ಸೇತುವೆ ಬಿದ್ರ ಯಾಕ ಬಿತ್ತು ಅಂತ ನಾವು ಬರದು ಸಹಿ ಮಾಡ್ತೀವಿ. ಹೊಳಿಗೆ ಬಿದ್ದವರಿಗೆ ಮುಂದಿನ ಸೇತುವೆ ಮ್ಯಾಲೆ ಡಿಸ್ಕೌಂಟ್ ಕೊಡ್ತೀವೇನು? ನನಗ ಕೂಪನ್ ಬ್ಯಾಡ. 'ತಪ್ಪು ನಮ್ಮದು' ಅಂತ ಒಂದು ಸಾಲು ಬೇಕು."

ಓದಲೆಂದು ಬಂದು ಕಾಕಾನ ಮನೆಯಲ್ಲೇ ಇದ್ದ ನಾನು ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದವಳು, ಸುಮ್ಮನಿರುವುದು ಹೇಗೆ? "ಕಾಕಾ, ತಪ್ಪು ಒಪ್ಪಬಾರದು ಅಂತಾನೇ ಅವರು ಸೆಟಲ್ ಮಾಡೋದು. ನೀವು ಕೇಳ್ತಿರೋದು ಲಾಜಿಕ್ಕೇ ಅಲ್ಲ."

"ನಿನಗ ಡಿಬೇಟ್ ಕಲಿಸಿದ್ದು ನನ್ನ ಕೂಡನ ವಾದ ಮಾಡ್ಲಿಕ್ಕೇನು?"

ರಾಜಿ ಒಪ್ಪದವರು ಆಕ್ಷೇಪಣೆ ಕಳಿಸಿ, ನ್ಯಾಯಾಧೀಶರೆದುರು ಮಾತಾಡಬಹುದೆಂದು ನೋಟೀಸಿನಲ್ಲಿತ್ತು. ಇಂಥ ಸಾಲನ್ನು ಕಾಕಾನಂಥವರ ಕಣ್ಣಿಗೆ ಬೀಳುವಂತೆ ಯಾಕಾದರೂ ಅಚ್ಚು ಹಾಕುತ್ತಾರೋ! ಹನ್ನೊಂದು ಪುಟ ಟೈಪಾಯಿತು. ಕಾಕಾ ಪ್ರಿಂಟ್ ಒತ್ತಿದರು.

ಹಳದಿ ಶಾಯಿ ಮುಗಿದಿತ್ತು.

ಹನ್ನೊಂದು ಪುಟವನ್ನೂ ಕೈಯಲ್ಲೇ ಬರೆದರು. ಹಜಾರದಲ್ಲಿ ತಾಲೀಮು ಶುರುವಾಯಿತು, ನಾನೇ ಜಡ್ಜು. ಮೂರು ನಿಮಿಷ ಕೊಟ್ಟರೆ ಎರಡೂವರೆ ಖಾನಾವಳಿಗೇ ಹೋಯಿತು. ಅಡುಗೆಮನೆಯಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಇಣುಕಿ, "ಜಡ್ಜ್ ಸಾಹೇಬರ, ಇವರಿಗೆ ಶಿಕ್ಷಾ ಕೊಟ್ಟು ಒಳಗ ಕಳಸ್ರಿ, ಕಾಯಿಪಲ್ಯ ಹೆಚ್ಚೂದದ" ಎಂದರು.

ವಿಚಾರಣೆಯ ದಿನ ಮೂವರೂ ರೈಲು ಹತ್ತಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದೆವು. ಕಂಪನಿಯ ಕಡೆ ಆರು ವಕೀಲರು. ಆಕ್ಷೇಪಣೆಯ ಕಡೆ ಕಾಕಾ ಮತ್ತು ಅವರ ಸ್ವೆಟರು. ಇಂಗ್ಲಿಷಿನಲ್ಲೇ ಶುರುಮಾಡಿದರು. ಪಿಕಲ್ ಎಂದರೆ ಇವರು ಸೌತೆಕಾಯಿ ಅಂದುಕೊಳ್ಳುತ್ತಾರೆಂದು 'ಉಪ್ಪಿನಕಾಯಿ' ಎಂದೇ ಹೇಳಿದರು. ಪ್ರತಿ ಮಾತನ್ನೂ ಟೈಪು ಮಾಡಿಕೊಳ್ಳುತ್ತಿದ್ದ ಹೆಂಗಸಿನ ಬೆರಳುಗಳು ಗಾಳಿಯಲ್ಲೇ ನಿಂತವು!

ನ್ಯಾಯಾಧೀಶೆ ನಕ್ಕು, ಮೆಲ್ಲಗೆ ಕೇಳಿದರು: "ಕೂಪನ್ ಬೇಡ ಎನ್ನುತ್ತೀರಿ. ಆ ಒಂದು ಸಾಲಿನಿಂದ ನಿಮಗೇನು ಸಿಗುತ್ತದೆ?"

ಕಾಕಾ ಕಾಗದ ಮಡಚಿದರು. ತಾಲೀಮಿನಲ್ಲಿ ಇದು ಇರಲಿಲ್ಲ.

"ಅಲ್ಲಿ ಕೂತಿರುವವಳು ನನ್ನ ಹೆಂಡತಿ. ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು, ಅಭ್ಯಾಸದ ಹಾಳೆ ತಾನೇ ಪ್ರಿಂಟ್ ಮಾಡುತ್ತಿದ್ದಳು. ಯಂತ್ರ ನಿಂತಾಗಲೆಲ್ಲ, ನೀನೇ ಏನೋ ಒತ್ತಿ ಕೆಡಿಸಿದೆ ಎಂದು ನಾನು ಅವಳನ್ನು ಬೈದೆ. ವರ್ಷಗಟ್ಟಲೆ. ಮಕ್ಕಳ ಮುಂದೆಯೂ. ಅವಳು ಯಂತ್ರ ಮುಟ್ಟುವುದನ್ನು ಬಿಟ್ಟಳು, ಆಮೇಲೆ ಪಾಠವನ್ನೂ ಬಿಟ್ಟಳು. ಅವಳು ಏನೂ ಕೆಡಿಸಿರಲಿಲ್ಲ. ಅದನ್ನು ಅವರು ಬರೆದುಕೊಡಲಿ."

ಹಾಗೆ ಬರೆಸುವ ಅಧಿಕಾರ ತಮಗಿಲ್ಲ ಎಂದರು ನ್ಯಾಯಾಧೀಶೆ. ರಾಜಿ ಮಂಜೂರಾಯಿತು.

ಹೊರಗೆ ಬಂದೊಡನೆ ನನ್ನ ನಾಲಿಗೆ ತುರಿಸಿತು. "ಕಾಕಾ, ಯಂತ್ರ ನಿಲ್ಲಿಸಿದ್ದು ಕಂಪನಿ, ಸರಿ. ಆದ್ರೆ ಬೈದಿದ್ದು..." ಕಾಕು ನನ್ನ ತೋಳು ಚಿವುಟಿದರು.

"ಅಲ್ರೀ," ಎಂದರು ಕಾಕಾನಿಗೆ, "ನೀವು ಒಳಗ ಅಂದದ್ದನ್ನ ಆಕಿ ಟೈಪ್ ಮಾಡ್ಕೊಂಡ್ಳಲ್ಲ?"

"ಹೂಂ."

"ಹಂಗಾರ ಅದರದೊಂದು ಪ್ರತಿ ಇಸ್ಕೊಡ್ರಿ. ಕಂಪನಿ ಸಹಿ ತಗೊಂಡು ನಾ ಏನ್ ಮಾಡ್ಲಿ?"

ಕಾಕಾ ನೆಟ್ಟಗೆ ಹೋಗಿ, ಪ್ರತಿ ಕೊಡುವ ಕೌಂಟರಿನ ಸಾಲಿನಲ್ಲಿ ನಿಂತರು.